ಸಹಸ್ತ್ರಧಾರಾಕ್ಕೆ ಹೋಗೋ ದಾರೀಲಿ ಗಾಡಿ ನಿಲ್ಸಿ: ಡೆಹ್ರಾಡೂನ್ ಟೂರಿಗೆ ಬರೋ ಕನ್ನಡದವರಿಗೊಂದು ಬಹಿರಂಗ ಪತ್ರ

ಹರಿದ್ವಾರ, ಋಷಿಕೇಶ, ಡೆಹ್ರಾಡೂನ್, ಮಸೂರಿ ಅಂತ ಪ್ಯಾಕೇಜ್ ಹಾಕ್ಕೊಂಡು ಬರೋ ಎಲ್ಲಾ ಅಣ್ಣಂದಿರಿಗೆ ಅಕ್ಕಂದಿರಿಗೆ, ಅವರನ್ನ ಟೆಂಪೋ ಟ್ರಾವೆಲರ್ ತುಂಬ ಕೂರಿಸ್ಕೊಂಡು ಬರೋ ನಮ್ಮ ಟೂರ್ ಆಪರೇಟರ್‌ಗಳಿಗೆ, ನಮಸ್ಕಾರ.

ನಾನು ಮಂಡ್ಯದ ಕಡೆಯವನು, ಕೆಲಸ ಅಂತ ಡೆಹ್ರಾಡೂನ್‌ಗೆ ಬಂದು ಇಲ್ಲೇ ಸೆಟಲ್ ಆಗಿದೀನಿ. ಊರಿಂದ ಯಾರೇ ಬಂದ್ರೂ ಫೋನ್ ಮಾಡಿ ಕೇಳೋದು ಒಂದೇ, ಅಲ್ಲಿ ನೋಡೋಕೇನಿದೆ ಅಂತ. ಅವರ ಲಿಸ್ಟ್ ಆಗ್ಲೇ ರೆಡಿ ಇರತ್ತೆ. ರಾಬರ್ಸ್ ಕೇವ್, ಸಹಸ್ತ್ರಧಾರಾ, ಆಮೇಲೆ ಮಸೂರಿ ಮಾಲ್ ರೋಡ್, ಕೆಂಪ್ಟಿ ಫಾಲ್ಸ್, ಅಲ್ಲೊಂದು ಮ್ಯಾಗಿ, ನಾಲ್ಕು ಸೆಲ್ಫಿ, ಮುಗೀತು. ತಪ್ಪು ಅಂತಿಲ್ಲ, ನೀವು ದುಡ್ಡು ಕೊಟ್ಟು ಬಂದಿದೀರಿ, ಖುಷಿಯಾಗಿ ಹೋಗಿ. ಆದ್ರೆ ಡೆಹ್ರಾಡೂನ್ ಪೇಟೆಯ ಗಡಿಯಾರ ಗೋಪುರ ಘಂಟಾಘರ್‌ನಿಂದ ಐದಾರು ಕಿಲೋಮೀಟರ್ ದೂರದಲ್ಲಿ, ಅದೇ ಸಹಸ್ತ್ರಧಾರಾ ರೋಡಲ್ಲಿ ರಿಸ್ಪನಾ ಹೊಳೆ ಪಕ್ಕ ಎರಡು ಬಿಳಿ ಕಂಬ ಇದಾವೆ, ನಿಮ್ಮ ಗಾಡಿ ಅದರ ಹತ್ರಾನೇ ಹಾದು ಹೋಗತ್ತೆ, ಯಾರೂ ಕಿಟಕಿಯಿಂದ ತಲೆ ಕೂಡ ಆಚೆ ಹಾಕಲ್ಲ. ಅದ್ಕೇ ಈ ಪತ್ರ. ನನ್ನದು ಒಂದೇ ಬೇಡಿಕೆ, ಅರ್ಧ ಗಂಟೆ ಅಲ್ಲಿ ಇಳೀರಿ, ಮತ್ತೆ ಇಳಿಯೋ ಮುಂಚೆ ಅಲ್ಲಿ ಏನಾಗಿತ್ತು ಅಂತ ಪೂರ್ತಿ ತಿಳ್ಕೊಂಡಿರಿ, ವಾಟ್ಸಾಪಲ್ಲಿ ಬರೋ ಅರ್ಧಂಬರ್ಧ ಕಥೆ ಅಲ್ಲ.

ವಿಷಯ 1814ರದ್ದು. ಆಗ ಗೂರ್ಖಾಗಳ ನೇಪಾಳ ಅಂದ್ರೆ ಈಗಿನಷ್ಟು ಚಿಕ್ಕದಲ್ಲ, ಪೂರ್ವದಲ್ಲಿ ತೀಸ್ತಾ ನದಿಯಿಂದ ಪಶ್ಚಿಮದಲ್ಲಿ ಸಟ್ಲೆಜ್ ತನಕ ಬೆಟ್ಟದ ಸಾಲು ಪೂರ್ತಿ ಅವರ ಕೈಲಿತ್ತು, ಕುಮಾವೂನ್, ಗಢವಾಲ್, ಈ ಡೆಹ್ರಾಡೂನ್ ಎಲ್ಲಾ ಸೇರಿ. ಕೆಳಗಡೆ ಬಯಲಿನಲ್ಲಿ ಈಸ್ಟ್ ಇಂಡಿಯಾ ಕಂಪನಿ. ಇವೆರಡರ ಮಧ್ಯೆ ತರಾಯಿ ಅಂತ ಕಾಡು, ಗದ್ದೆ, ಕಂದಾಯದ ಜಮೀನು. ಬುಟ್ವಲ್ ಹತ್ರ ಯಾರ ಗಡಿ ಎಲ್ಲಿಗೆ ಅನ್ನೋ ಜಗಳ ವರ್ಷಗಟ್ಟಲೆ ಎಳೆದು ಕೊನೆಗೆ ಅಲ್ಲಿನ ಪೊಲೀಸ್ ಠಾಣೆ ಮೇಲೆ ಗೂರ್ಖಾಗಳು ಬಿದ್ದರು, ಗವರ್ನರ್ ಜನರಲ್ ಲಾರ್ಡ್ ಮೊಯ್ರಾಗೆ ಅದೇ ಬೇಕಿತ್ತು ಅನ್ಸತ್ತೆ, ನವೆಂಬರ್ 1814ರಲ್ಲಿ ಯುದ್ಧ ಅಂತ ಘೋಷಣೆ ಆಯ್ತು. ಖರ್ಚಿಗೆ ದುಡ್ಡು? ಅವಧ್ ನವಾಬನ ಹತ್ರ ಕೋಟಿ ಲೆಕ್ಕದಲ್ಲಿ ಸಾಲ! ಕಂಪನಿ ಯಾವತ್ತೂ ತನ್ನ ಜೇಬಿಂದ ಯುದ್ಧ ಮಾಡಿದ್ದು ಕಮ್ಮಿ ಬಿಡಿ.

ನಾಲ್ಕು ಕಡೆಯಿಂದ ನಾಲ್ಕು ಸೈನ್ಯ ಹೊರಡ್ತು. ಅದರಲ್ಲಿ ಮೀರತ್‌ನಿಂದ ಹೊರಟಿದ್ದಕ್ಕೆ ಮೇಜರ್ ಜನರಲ್ ರೋಲೋ ಗಿಲೆಸ್ಪಿ ಮುಖ್ಯಸ್ಥ, ಜೊತೆಗೆ ಸುಮಾರು 3500 ಜನ. ಯುದ್ಧ ಅಂತ ಕಾಗದದ ಮೇಲೆ ಬರೋದಕ್ಕೆ ಮುಂಚೇನೇ ಇವರು ದೂನ್ ಕಣಿವೆಗೆ ಇಳಿದಿದ್ರು. ಊರಲ್ಲಿ ಅಡ್ಡ ಬರೋರು ಯಾರೂ ಇರ್ಲಿಲ್ಲ, ಯಾಕಂದ್ರೆ ಗೂರ್ಖಾ ಕ್ಯಾಪ್ಟನ್ ಬಲಭದ್ರ ಕುಂವರ್ ಊರು ಬಿಟ್ಟು ಈಶಾನ್ಯಕ್ಕಿರೋ ನಾಲಾಪಾನಿ ಗುಡ್ಡ ಹತ್ತಿ ಕೂತಿದ್ದ. ಅಲ್ಲಿದ್ದ ಕೋಟೆ ಹೆಸರಿಗೆ ಕೋಟೆ ಅಷ್ಟೇ. ನಮ್ಮ ಚಿತ್ರದುರ್ಗ, ಶ್ರೀರಂಗಪಟ್ಟಣ ತಲೇಲಿ ಇಟ್ಕೊಂಡು ಹೋದ್ರೆ ನಗು ಬರತ್ತೆ. ಕಲ್ಲಿನ ಗೋಡೆ, ಮರದ ದಿಮ್ಮಿ ನೆಟ್ಟು ಮಾಡಿದ ಬೇಲಿ, ಗೋಡೆ ಕೆಲಸ ಪೂರ್ತಿ ಮುಗಿದೂ ಇರ್ಲಿಲ್ಲ. ಒಳಗಡೆ ಸುಮಾರು 600 ಜನ, ಅದರಲ್ಲಿ ಹೆಂಗಸರು ಮಕ್ಕಳೂ ಇದ್ದರು. ಬ್ರಿಟಿಷರ ಪುಸ್ತಕಗಳಲ್ಲಿ ಇದನ್ನ ಕಲುಂಗ ಅಂತ ಬರೀತಾರೆ, ಇಲ್ಲಿನ ಜನ ಖಲಂಗ ಅಂತಾರೆ.

ಮೊದಲು ಬಂದ ಕರ್ನಲ್ ಮಾಬಿ ಅನ್ನೋನು ಶರಣಾಗು ಅಂತ ಬಲಭದ್ರನಿಗೆ ಕಾಗದ ಕಳಿಸ್ದ, ಅದು ತಲುಪಿದ್ದು ಮಧ್ಯರಾತ್ರಿ. ಬಲಭದ್ರ ಅದನ್ನ ಹರಿದು ಹಾಕಿ, ಇಂಥ ಹೊತ್ತಲ್ಲದ ಹೊತ್ತಲ್ಲಿ ಕಾಗದ ತಗೊಳ್ಳೋ ರೂಢಿ ನಮ್ಮಲ್ಲಿಲ್ಲ, ಸಾಹೇಬರಿಗೆ ಸಲಾಂ ಹೇಳು, ಸದ್ಯದಲ್ಲೇ ಅವರ ಡೇರೆಗೆ ನಾನೇ ಬಂದು ಭೇಟಿ ಆಗ್ತೀನಿ ಅಂತ ಹೇಳಿ ಕಳಿಸ್ದ ಅಂತ ಕಥೆ. ಈ ಕಥೇನ ಮೊದಲು ಬರೆದಿಟ್ಟೋರು ಬ್ರಿಟಿಷರೇ, ಗೂರ್ಖಾಗಳಲ್ಲ.

ಈಗ ಈ ಗಿಲೆಸ್ಪಿ ಯಾರು ಅಂತ ಸ್ವಲ್ಪ ಕೇಳಿ, ಯಾಕಂದ್ರೆ ಮೈಸೂರು ಸೀಮೆಯವರಿಗೆ ಇವನು ಪೂರ್ತಿ ಅಪರಿಚಿತ ಅಲ್ಲ. 1806ರ ಜುಲೈ 10ರಂದು ವೆಲ್ಲೂರು ಕೋಟೇಲಿ ಸಿಪಾಯಿಗಳು ದಂಗೆ ಎದ್ದರಲ್ಲ, ಪೇಟ ಬದಲಾಯ್ಸಿ, ಗಡ್ಡ ತೆಗೀರಿ, ಹಣೇಲಿ ನಾಮ ವಿಭೂತಿ ಬೇಡ ಅಂತ ಆರ್ಡರ್ ಮಾಡಿದ್ದಕ್ಕೆ. ಟಿಪ್ಪು ಮಕ್ಕಳನ್ನ ಆಗ ಅದೇ ಕೋಟೇಲಿ ಇಟ್ಟಿದ್ರು, ದಂಗೆ ಎದ್ದೋರು ಟಿಪ್ಪುವಿನ ಬಾವುಟಾನೇ ಹಾರಿಸಿದ್ರು. ಸುದ್ದಿ ಕೇಳ್ತಿದ್ದ ಹಾಗೇ ಆರ್ಕಾಟ್‌ನಿಂದ ಕುದುರೆ ಸವಾರರ ಜೊತೆ ಓಡಿ ಬಂದು, ಹಗ್ಗದಲ್ಲಿ ಕೋಟೆ ಗೋಡೆ ಹತ್ತಿ, ತೋಪಲ್ಲಿ ಬಾಗಿಲು ಒಡೆಸಿ, ಒಂದೇ ದಿನದಲ್ಲಿ ದಂಗೇನ ರಕ್ತದಲ್ಲಿ ಮುಗಿಸಿದ್ದು ಇದೇ ಗಿಲೆಸ್ಪಿ. ಸಿಕ್ಕಿಬಿದ್ದ ನೂರರಷ್ಟು ಸಿಪಾಯಿಗಳನ್ನ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಸಿದ. ಅದಾದ್ಮೇಲೇ ಟಿಪ್ಪು ಮಕ್ಕಳನ್ನ ಕಲ್ಕತ್ತಾಗೆ ಸಾಗಿಸಿದ್ದು. ಬೆಂಗಳೂರು ರೇಸ್‌ಕೋರ್ಸಲ್ಲಿ ಬಯಲಲ್ಲೇ ಹುಲಿ ಕೊಂದ ಅಂತಾನೂ ಇವನ ಬಗ್ಗೆ ಒಂದು ಕಥೆ ಓಡಾಡತ್ತೆ, ನಂಬೋದು ಬಿಡೋದು ನಿಮಗೇ ಬಿಟ್ಟಿದ್ದು. ಆಮೇಲೆ ಜಾವಾಗೆ ಹೋಗಿ ಅಲ್ಲೂ ಕೋಟೆ ಹಿಡಿದು ಬಂದ. ಇಷ್ಟೆಲ್ಲಾ ಮಾಡಿದ ಮನುಷ್ಯನಿಗೆ ಡೆಹ್ರಾಡೂನ್ ಪಕ್ಕದ ಅರೆಬರೆ ಗೋಡೆಯ ಈ ಕೋಟೆ ಹೆಂಗೆ ಕಂಡಿರ್ಬೇಕು ಹೇಳಿ.

ಅಕ್ಟೋಬರ್ 31. ಪ್ಲಾನ್ ಏನಂದ್ರೆ, ನಾಲ್ಕು ದಿಕ್ಕಿಂದ ತುಕಡಿಗಳು ಗುಡ್ಡ ಹತ್ತಬೇಕು, ತೋಪಿನ ಸದ್ದು ಸಿಗ್ನಲ್, ಎಲ್ಲರೂ ಒಟ್ಟಿಗೆ ಲಗ್ಗೆ. ಗುಡ್ಡ ಸುತ್ತಿ ಹೋದ ತುಕಡಿಗಳಿಗೆ ಆ ಸಿಗ್ನಲ್ ಕೇಳಿಸ್ಲೇ ಇಲ್ಲ. ಮುಂದಿದ್ದವರು ಮಾತ್ರ ನುಗ್ಗಿದ್ರು, ಏಟು ತಿಂದು ವಾಪಸ್ ಬಂದ್ರು. ಅಲ್ಲಿಗೆ ನಿಲ್ಲಿಸಿ, ಉಳಿದವರು ಬರಲಿ ಅಂತ ಕಾದಿದ್ರೆ ಕಥೆ ಬೇರೆ ಆಗ್ತಿತ್ತೋ ಏನೋ, ಆದ್ರೆ ವೆಲ್ಲೂರಿನ ಗಿಲೆಸ್ಪಿ ಕಾಯೋ ಪೈಕಿ ಅಲ್ಲ, ಕತ್ತಿ ಹಿಡ್ಕೊಂಡು ತಾನೇ ಮುಂದೆ ನಿಂತು ಡ್ರಗೂನ್ ಸವಾರರನ್ನ ಕುದುರೆ ಇಳಿಸಿ ನಡೆಸ್ಕೊಂಡು ಕೋಟೆ ಬಾಗಿಲ ಹತ್ರದ ತನಕ ಹೋದ, ಅಲ್ಲೇ ಎದೆಗೆ ಗುಂಡು ಬಿತ್ತು. ಒಬ್ಬ ಜನರಲ್, ಯುದ್ಧದ ಮೊದಲನೇ ದೊಡ್ಡ ಕಾಳಗದಲ್ಲೇ ಹೋದ. ಲಂಡನ್‌ಗೆ ಆ ಸುದ್ದಿ ಮುಟ್ಟೋಕೆ ಎಷ್ಟು ತಿಂಗಳು ಹಿಡೀತು ಅಂದ್ರೆ, ಸತ್ತಿದಾನೆ ಅಂತ ಗೊತ್ತಿಲ್ದೇನೇ ಅಲ್ಲಿ ಅವನಿಗೆ ಸರ್ ಪದವಿ ಘೋಷಣೆ ಆಗಿತ್ತು. ಐರ್ಲೆಂಡಿನ ಅವನ ಊರು ಕೋಂಬರ್‌ನ ಚೌಕದಲ್ಲಿ ಅವನಿಗೊಂದು ಎತ್ತರದ ಕಂಬ ಕಟ್ಟಿದಾರೆ, ಇವತ್ತಿಗೂ ಇದೆ.

ಆಮೇಲಿಂದು ನಿಜವಾದ ಮುತ್ತಿಗೆ. ಮಾಬಿ ಹಿಂದೆ ಸರಿದು ಊರಲ್ಲಿ ಕೂತು, ದೊಡ್ಡ ತೋಪುಗಳು ದೆಹಲಿಯಿಂದ ಬರಲಿ ಅಂತ ಸುಮಾರು ಮೂರೂವರೆ ವಾರ ಕಾದ. ನವೆಂಬರ್ 25ಕ್ಕೆ ಮತ್ತೆ ಶುರು. ತೋಪು ಬಡಿದು ಬಡಿದು ಗೋಡೆ ಒಂದು ಕಡೆ ಕುಸೀತು, 27ಕ್ಕೆ ಆ ಬಿರುಕಿನ ಕಡೆ ಲಗ್ಗೆ ಇಟ್ರು. ಅಲ್ಲೇ ನೋಡಿ ಕಂಪನಿ ಮಾನ ಹೋಗಿದ್ದು. ಗೋಡೆ ಬಿದ್ದಿದೆ, ದಾರಿ ತೆರೆದಿದೆ, ಆದ್ರೂ 53ನೇ ರೆಜಿಮೆಂಟಿನ ಗೋರಾ ಸಿಪಾಯಿಗಳು ಒಳಗೆ ಕಾಲಿಡೋಕೆ ತಯಾರಿಲ್ಲ. ಮುಂದೆ ಹೋದ ಆಫೀಸರ್‌ಗಳು ಒಬ್ಬೊಬ್ಬರೇ ಬಿದ್ದರು, ಹಿಂದಿನವರು ನಿಂತಲ್ಲೇ ನಿಂತು ಗುಂಡು ಹಾರಿಸ್ತಾ ಇದ್ರೇ ಹೊರತು ಹೆಜ್ಜೆ ಎತ್ತಲಿಲ್ಲ. ಆ ಬಿರುಕಿನಲ್ಲಿ ಗಂಡಸರ ಪಕ್ಕ ಹೆಂಗಸರೂ ನಿಂತು ಕಲ್ಲು ಬೀರ್ತಾ ಇದ್ದರು ಅಂತ ಬ್ರಿಟಿಷರೇ ಬರೆದಿದಾರೆ. ಇದನ್ನ ಓದುವಾಗ ನಮಗೆ ಓಬವ್ವ ನೆನಪಾಗೋದು ಸಹಜ. ಆದ್ರೆ ಓಬವ್ವನಿಗೆ ಹೆಸರಾದ್ರೂ ಉಳೀತು, ನಾಲಾಪಾನೀಲಿ ಕಲ್ಲು ಹೊಡೆದ ಒಬ್ಬ ಹೆಂಗಸಿನ ಹೆಸರೂ ಆ ಕಂಬಗಳ ಮೇಲಿಲ್ಲ.

ಇನ್ನೊಂದು ಘಟನೆ, ನನಗೆ ಇಡೀ ಮುತ್ತಿಗೇಲಿ ತುಂಬ ಕಾಡೋದು ಇದೇ. ತೋಪಿನ ಗುಂಡು ಬೀಳ್ತಾ ಇರೋವಾಗ್ಲೇ ಕೋಟೆಯಿಂದ ಒಬ್ಬ ಗೂರ್ಖಾ ಕೈ ಬೀಸ್ತಾ ಆಚೆ ಬಂದ. ಬ್ರಿಟಿಷರು ಗುಂಡು ಹಾರ್ಸೋದು ನಿಲ್ಲಿಸಿದ್ರು. ಹತ್ರ ಬಂದಾಗ ನೋಡ್ತಾರೆ, ಗುಂಡೇಟಿಗೆ ಅವನ ಕೆಳದವಡೆ ಚೂರಾಗಿದೆ, ಡಾಕ್ಟರ್‌ಗೆ ತೋರಿಸ್ಬೇಕು ಅಂತ ಶತ್ರು ಕ್ಯಾಂಪಿಗೇ ಬಂದಿದಾನೆ! ಅವರೂ ಆರೈಕೆ ಮಾಡಿದ್ರು. ವಾಸಿಯಾದ್ಮೇಲೆ ಆಸಾಮಿ ಕೇಳಿದ್ದೇನು ಗೊತ್ತಾ? ನನ್ನ ಸೈನ್ಯಕ್ಕೆ ವಾಪಸ್ ಕಳ್ಸಿಕೊಡಿ, ನಿಮ್ಮ ಮೇಲೆ ಮತ್ತೆ ಯುದ್ಧ ಮಾಡ್ಬೇಕು. ಇದರಲ್ಲಿ ಅವನ ಧೈರ್ಯ ದೊಡ್ಡದೋ, ತಮ್ಮ ಜನರಲ್‌ನನ್ನ ಕೊಂದವರ ಪೈಕಿ ಒಬ್ಬನಿಗೆ ಪಟ್ಟಿ ಕಟ್ಟಿದ ಡಾಕ್ಟರ್ ದೊಡ್ಡವನೋ, ಟ್ರಿಪ್ಪಲ್ಲಿ ಬಸ್ಸೊಳಗೆ ಕೂತು ಚರ್ಚೆ ಮಾಡ್ಕೊಳ್ಳಿ.

ಕೊನೆಗೆ ಕೋಟೆ ಬಿದ್ದಿದ್ದು ಲಗ್ಗೆಯಿಂದಲ್ಲ. ನೀರಿಂದ. ಗೋಡೆ ಒಳಗೆ ನೀರಿನ ಸೆಲೆ ಇರ್ಲಿಲ್ಲ, ಹೊರಗಿಂದ ತರಬೇಕಿತ್ತು, ಆ ದಾರೀನ ಬ್ರಿಟಿಷರು ಕಟ್ ಮಾಡಿದ್ರು. ನಾಲಾಪಾನಿ ನೀರು ಅಂದ್ರೆ ಇಲ್ಲಿ ಇವತ್ತಿಗೂ ಒಂದು ಹೆಸರು, ಹಳೇ ಡೆಹ್ರಾಡೂನ್‌ನವರನ್ನ ಕೇಳಿ ಬೇಕಾದ್ರೆ. ಅಂಥ ನೀರು ಕೆಳಗಡೆ ಹರೀತಾ ಇರುವಾಗ ಮೇಲಿದ್ದವರು ಬಾಯಾರಿ ಕೂತಿದ್ರು, ಮೇಲಿಂದ ದಿನಾ ಶೆಲ್ ಬೀಳ್ತಿತ್ತು, ಸತ್ತವರನ್ನ ಸುಡೋಕೂ ಆಗದ ಸ್ಥಿತಿ. ನವೆಂಬರ್ 30ರ ರಾತ್ರಿ ಬಲಭದ್ರ ಉಳಿದ 70ರಷ್ಟು ಜನರನ್ನ ಕರ್ಕೊಂಡು ಮುತ್ತಿಗೆ ಹಾಕಿದವರ ಮಧ್ಯದಿಂದಾನೇ ಸೀಳ್ಕೊಂಡು ಆಚೆ ಹೋದ. ಒಳಗೆ ಹೋದ ಬ್ರಿಟಿಷರಿಗೆ ಸಿಕ್ಕಿದ್ದು ಹೆಣಗಳು, ಕೈಕಾಲು ಹೋದವರು, ನೀರು ನೀರು ಅಂತ ನರಳ್ತಿದ್ದ ಹೆಂಗಸರು ಮಕ್ಕಳು. ಗಾಯಗೊಂಡವರನ್ನ ಆಸ್ಪತ್ರೆಗೆ ಸಾಗಿಸಿದ್ರು, ಸತ್ತವರನ್ನ ಸುಟ್ರು, ಕೋಟೇನ ನೆಲಸಮ ಮಾಡಿದ್ರು. ಈ ಒಂದು ಗುಡ್ಡಕ್ಕೆ ಬ್ರಿಟಿಷರ ಕಡೆ ಸತ್ತವರು ಗಾಯಾಳುಗಳು ಸೇರಿ 700ಕ್ಕೂ ಮೇಲೆ, ಅಂದ್ರೆ ಕೋಟೆ ಒಳಗೆ ಇದ್ದವರ ಲೆಕ್ಕಕ್ಕಿಂತ ಜಾಸ್ತಿ.

ಇಲ್ಲಿಗೆ ವಾಟ್ಸಾಪ್ ಕಥೆ ನಿಲ್ಲತ್ತೆ, ಜೈ ಅಂತ ಎರಡು ಕೈ ಜೋಡಿಸಿದ ಇಮೋಜಿ ಹಾಕಿ ಮುಗಿಸ್ತಾರೆ. ನನ್ನ ತಕರಾರು ಅಲ್ಲೇ ಇರೋದು.

ಯಾಕಂದ್ರೆ ಬಲಭದ್ರ ಕಾಯ್ತಾ ಇದ್ದದ್ದು ತನ್ನ ಊರನ್ನಲ್ಲ. ಅವನ ಸೈನ್ಯ ಇಲ್ಲಿಗೆ ಬಂದು ಹತ್ತು ವರ್ಷ ಆಗಿತ್ತು ಅಷ್ಟೇ. 1804ರಲ್ಲಿ ಇದೇ ಡೆಹ್ರಾಡೂನ್‌ನ ಖುಡ್‌ಬುಡಾದಲ್ಲಿ ಗಢವಾಲದ ರಾಜ ಪ್ರದ್ಯುಮ್ನ ಶಾಹನನ್ನ ಗೂರ್ಖಾಗಳು ಯುದ್ಧದಲ್ಲಿ ಕೊಂದು ದೇಶ ತಗೊಂಡಿದ್ರು. ಆ ಜಾಗ ಈಗ ಪೇಟೆ ಮಧ್ಯದ ಒಂದು ಮೊಹಲ್ಲಾ, ಮನೆ ಅಂಗಡಿ ಸ್ಕೂಟರ್ ತುಂಬಿದೆ. ಗೂರ್ಖಾ ಆಳ್ವಿಕೆಗೆ ಗಢವಾಲಿಗಳು ಗೋರ್ಖ್ಯಾಣಿ ಅಂತಾರೆ, ಆ ಹೆಸರು ಹೇಳಿದ್ರೆ ಈಗ್ಲೂ ಮುಖ ಕಿವುಚ್ತಾರೆ. ತೆರಿಗೆ ಕಟ್ಟೋಕಾಗ್ದವರನ್ನ ಹರಿದ್ವಾರದ ಸಂತೇಲಿ ಗುಲಾಮರಾಗಿ ಮಾರ್ತಿದ್ರು, ನೀವು ಗಂಗಾಸ್ನಾನ ಮಾಡೋ ಅದೇ ಹರಿದ್ವಾರದಲ್ಲಿ. ಹಂಗಾಗಿ ಕಂಪನಿ ಸೈನ್ಯ ಬಂದಾಗ ಇಲ್ಲಿನ ಜನ ಗೂರ್ಖಾಗಳ ಕಡೆ ನಿಲ್ಲಲಿಲ್ಲ ಅಂದ್ರೆ ಅದರಲ್ಲಿ ಆಶ್ಚರ್ಯ ಏನಿಲ್ಲ. ಮತ್ತೆ ಕಂಪನಿ ಏನು ಗಢವಾಲಿಗಳ ಕಣ್ಣೀರು ಒರೆಸೋಕೆ ಬಂತಾ? ರಾಜನ ಮಗನಿಗೆ ಟೆಹ್ರಿ ಕಡೆ ಅರ್ಧ ರಾಜ್ಯ ಕೊಟ್ಟು, ದೂನ್ ಕಣಿವೆ, ಕುಮಾವೂನ್, ಗಢವಾಲದ ಪೂರ್ವದ ಭಾಗ ತಾನೇ ನುಂಗ್ತು. ಟಿಬೆಟ್ ಕಡೆಯ ಉಣ್ಣೆ ವ್ಯಾಪಾರದ ದಾರಿ ಮೇಲೆ ಅದರ ಕಣ್ಣು ಮುಂಚಿಂದಾನೇ ಇತ್ತು.

ಹೀಗಿರುವಾಗ ಇದನ್ನ ನಮ್ಮವರು ವರ್ಸಸ್ ಪರಂಗಿಯವರು ಅಂತ ಸೀದಾ ಗೆರೆ ಎಳೆದು ಹೇಳೋದು ಸುಳ್ಳು ಕಣ್ರೀ. ಶೌರ್ಯ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಶೂರನಾದವನು ಇನ್ನೊಬ್ಬರ ನೆಲದ ಮೇಲೆ ಕೂತಿರಬಹುದು. ಎರಡೂ ಒಟ್ಟಿಗೆ ತಲೇಲಿ ಇಟ್ಕೊಂಡು ಆ ಗುಡ್ಡ ನೋಡಿ ಅಂತ ನಾನು ಹೇಳ್ತಿರೋದು.

ಇನ್ನು ಆ ಎರಡು ಕಂಬ. ಪಕ್ಕಪಕ್ಕ ನಿಂತಿದಾವೆ, ತುಂಬ ಎತ್ತರ ಏನಿಲ್ಲ, ಪುರಾತತ್ವ ಇಲಾಖೆಯ ಬೋರ್ಡ್ ಇದೆ. ಒಂದು ಗಿಲೆಸ್ಪಿ ಮತ್ತವನ ಕಡೆ ಸತ್ತವರದ್ದು. ಇನ್ನೊಂದರ ಮೇಲೆ ಏನಿದೆ ಅಂದ್ರೆ, ನಮ್ಮ ಶೂರ ಎದುರಾಳಿ ಬಲಭದ್ರನಿಗೂ ಅವನ ಗೂರ್ಖಾಗಳಿಗೂ ಗೌರವದ ಗುರುತಾಗಿ ಅಂತ ಬರೆದು, ಮುಂದೆ ಅವರು ಪಂಜಾಬಿನ ಸಿಖ್ ದೊರೆ ರಣಜಿತ್ ಸಿಂಗನ ಸೇವೇಲಿದ್ದಾಗ ಅಫ್ಘಾನರ ತೋಪಿಗೆ ಸಿಕ್ಕಿ ಸಾಲಾಗಿ ನಿಂತಲ್ಲೇ ಕೊನೆಯವನವರೆಗೂ ಸತ್ತರು ಅನ್ನೋ ಅರ್ಥದ ಸಾಲಿದೆ. ಅದು ನಡೆದಿದ್ದು 1823ರಲ್ಲಿ, ನೌಶೇರಾ ಯುದ್ಧದಲ್ಲಿ. ಅಂದ್ರೆ ನಾಲಾಪಾನಿ ಯುದ್ಧ ಮುಗಿದು ಹತ್ತಿರ ಹತ್ತಿರ ಒಂದು ದಶಕ ಆದ್ಮೇಲೂ, ಆ ಬಲಭದ್ರ ಎಲ್ಲಿ ಹೋದ ಏನಾದ ಅಂತ ಬ್ರಿಟಿಷರು ವಿಚಾರಿಸ್ತಾನೇ ಇದ್ದರು ಅಂತಾಯ್ತಲ್ಲ.

ನಾನು ಶ್ರೀರಂಗಪಟ್ಟಣದ ಹತ್ರದವನು ಆಗಿರೋದ್ರಿಂದ ನನಗೆ ಇದು ಜಾಸ್ತಿ ನಾಟತ್ತೆ. ನಮ್ಮಲ್ಲಿ ಕೋಟೆ ಗೋಡೆ ಒಡೆದ ಜಾಗದ ಹತ್ರ ಒಂದು ಕಂಬ ಇದೆ, 1799ರ ಮುತ್ತಿಗೇಲಿ ಸತ್ತ ಇಂಗ್ಲಿಷ್ ಸೈನ್ಯದವರದ್ದು. ಅದರ ಪಕ್ಕ ಗೋಡೆ ಒಳಗಡೆ ಸತ್ತವರಿಗೆ ಅಂತ ಜೋಡಿ ಕಂಬ ಇಲ್ಲ. ಇಲ್ಲಿ ಇದೆ. ಯಾಕೆ ಅಂತ ನಾನು ತುಂಬ ಯೋಚನೆ ಮಾಡಿದೀನಿ. ಬರೀ ದೊಡ್ಡ ಮನಸ್ಸು ಅಂತ ನಾನು ನಂಬಲ್ಲ. 1815ರಲ್ಲಿ ಯುದ್ಧ ಇನ್ನೂ ನಡೀತಿರುವಾಗ್ಲೇ ಕಂಪನಿಯವರು ಸೋತ ಗೂರ್ಖಾಗಳನ್ನ ತಮ್ಮ ಸೈನ್ಯಕ್ಕೆ ಸೇರಿಸ್ಕೊಳ್ಳೋಕೆ ಶುರು ಮಾಡಿದ್ರು, ನಸೀರಿ ಬೆಟಾಲಿಯನ್, ಸಿರ್ಮೂರ್ ಬೆಟಾಲಿಯನ್ ಅಂತ. ಅದೇ ಸಿರ್ಮೂರ್ ಬೆಟಾಲಿಯನ್ 1857ರಲ್ಲಿ ದೆಹಲಿಯ ಹಿಂದೂ ರಾವ್ ಮನೆ ಹತ್ರ ಬ್ರಿಟಿಷರ ಪರವಾಗಿ ತಿಂಗಳುಗಟ್ಟಲೆ ನಿಂತು ಕಾದಾಡಿದ್ದು. ಸಂಬಳ ಕೊಟ್ಟು ಪಕ್ಕದಲ್ಲಿ ನಿಲ್ಲಿಸ್ಕೊಂಡಿರೋ ಜನರ ಅಣ್ಣತಮ್ಮಂದಿರಿಗೆ ಒಂದು ಕಂಬ ಕಟ್ಟೋದು ಲಾಭದ ಬಾಬತ್ತೂ ಹೌದು. ಮೈಸೂರು ಸಿಪಾಯಿಗಳನ್ನ ಹಂಗೆ ಬಳಸ್ಕೊಳ್ಳೋ ಅಗತ್ಯ ಅವರಿಗೆ ಕಾಣ್ಲಿಲ್ವೋ ಏನೋ. ಇದು ನನ್ನ ಊಹೆ, ಒಪ್ಪದವರು ವಾದ ಮಾಡಿ, ಬೇಜಾರಿಲ್ಲ.

ಹಾಂ, ನೀವು ಮುಂದೆ ಹೋಗೋ ಮಸೂರಿ ಇದೆಯಲ್ಲ, ಅದನ್ನ ಊರಾಗಿ ಮಾಡೋಕೆ ಶುರು ಮಾಡಿದವರಲ್ಲಿ ಮೊದಲನೆಯವನು ಫ್ರೆಡರಿಕ್ ಯಂಗ್, ಅದೇ ಸಿರ್ಮೂರ್ ಬೆಟಾಲಿಯನ್ ಕಟ್ಟಿದವನು. ಅವನೂ ನಾಲಾಪಾನೀಲಿ ಗಿಲೆಸ್ಪಿ ಜೊತೆ ಇದ್ದವನೇ. ಮಸೂರಿಯ ಮಾಲ್ ರೋಡಿಗೂ ಈ ಗುಡ್ಡಕ್ಕೂ ಸಂಬಂಧ ಇಲ್ಲ ಅನ್ಕೋಬೇಡಿ.

ಕಂಬ ನೋಡಿದ್ಮೇಲೆ ಕಾಲಲ್ಲಿ ಶಕ್ತಿ ಇದ್ದವರು ಮೇಲೆ ಗುಡ್ಡಕ್ಕೂ ಹೋಗ್ಬಹುದು. ಕೋಟೆ ಅಂತ ಏನೂ ಉಳಿದಿಲ್ಲ, ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ನನ್ನ ಬೈಬೇಡಿ. ಈಚೆಗೆ ಕಟ್ಟಿದ ಒಂದು ಸ್ಮಾರಕ ಇದೆ, ಸುತ್ತ ಸಾಲ್ ಮರದ ಕಾಡು. ನವೆಂಬರ್ ಕೊನೇಲಿ ಬಂದ್ರೆ ಇಲ್ಲಿನ ಗೂರ್ಖಾ ಸಮಾಜದವರು ಮಾಡೋ ಖಲಂಗ ಮೇಳ ಸಿಗಬಹುದು. ನಮ್ಮ ಕಡೆ ಗೂರ್ಖಾ ಅಂದ್ರೆ ರಾತ್ರಿ ಸೀಟಿ ಊದ್ಕೊಂಡು ಹೋಗಿ ತಿಂಗಳಿಗೊಂದ್ಸಲ ಗೇಟ್ ತಟ್ಟೋ ಮನುಷ್ಯ, ನಾವು ಅವರಿಗೆ ಚಿಲ್ಲರೆ ಹುಡುಕ್ತಾ ನಿಲ್ಲೋದು, ಅಷ್ಟೇ ಗೊತ್ತು ನಮಗೆ. ಡೆಹ್ರಾಡೂನ್‌ನಲ್ಲಿ ಅವರು ತಲೆತಲಾಂತರದಿಂದ ಇರೋ ಊರಿನವರು, ಮೇಳದ ದಿನ ಮಕ್ಕಳು ಮುದುಕರು ಎಲ್ಲಾ ಬರ್ತಾರೆ.

ಆ ಸಾಲ್ ಕಾಡಿನ ಬಗ್ಗೆನೂ ಒಂದು ಮಾತು. 2024ರಲ್ಲಿ ಕುಡಿಯೋ ನೀರಿನ ಟ್ರೀಟ್‌ಮೆಂಟ್ ಪ್ಲಾಂಟಿಗೆ ಅಂತ ಅಲ್ಲಿನ ಸುಮಾರು 2000 ಮರಕ್ಕೆ ಗುರುತು ಹಾಕಿದ್ರು, ಊರಿನ ಜನ ಕಾಡಿಗೇ ಹೋಗಿ ನಿಂತು ಗಲಾಟೆ ಮಾಡಿದ್ಮೇಲೆ ಬೇರೆ ಜಾಗ ನೋಡ್ತೀವಿ ಅಂದ್ರು. ನೀರಿಗೋಸ್ಕರಾನೇ ಆ ಗುಡ್ಡದಲ್ಲಿ ಮತ್ತೊಂದು ಜಗಳ. ಹಂಗೆ ಜನ ಕಾದುಕೊಂಡಿರೋ ಜಾಗಕ್ಕೆ ಹೋಗಿ ನಾವು ಚಿಪ್ಸ್ ಕವರ್, ಬಿಯರ್ ಬಾಟ್ಲಿ ಬಿಸಾಕಿ ಬರೋದು ಬೇಡ. ಮರದ ಮೇಲೆ, ಗೋಡೆ ಮೇಲೆ ಹೆಸರು ಕೆತ್ತೋದಂತೂ ಬೇಡವೇ ಬೇಡ, ಊರಲ್ಲಿ ನಮ್ಮ ಹಂಪಿ ಬಾದಾಮಿಗೆ ಮಾಡಿದ್ದು ಸಾಕು.

ಟೂರ್ ಆಪರೇಟರ್ ಅಣ್ಣಂದಿರೇ, ನಿಮಗೆ ಬೇರೆಯಾಗಿ ಹೇಳ್ತಿದೀನಿ. ಡೀಸೆಲ್ ಎಕ್ಸ್‌ಟ್ರಾ ಆಗಲ್ಲ, ಹೆಂಗಿದ್ರೂ ಸಹಸ್ತ್ರಧಾರಾಕ್ಕೆ ಅದೇ ರೋಡು. ಟಿಕೆಟ್ ಲೈನ್‌ನಲ್ಲಿ ನಿಲ್ಲೋ ಗೋಳೂ ಇಲ್ಲ. ಬ್ರೋಷರಲ್ಲಿ ಒಂದು ಲೈನ್ ಸೇರಿಸಿ, ಬಸ್ಸಲ್ಲಿ ಹೋಗ್ತಾ ಮೈಕ್ ಹಿಡಿದು ಹತ್ತು ನಿಮಿಷ ಕಥೆ ಹೇಳಿ, ಗಿಲೆಸ್ಪಿ ವೆಲ್ಲೂರಿಂದ ಶುರು ಮಾಡಿದ್ರೆ ನಮ್ಮ ಜನ ಕಿವಿ ಕೊಟ್ಟು ಕೇಳ್ತಾರೆ, ಗ್ಯಾರಂಟಿ. ಆದ್ರೆ ಹೇಳಿದ್ರೆ ಖುಡ್‌ಬುಡಾನೂ ಹೇಳಿ, ಹರಿದ್ವಾರದ ಸಂತೇನೂ ಹೇಳಿ, ಬರೀ ಚಪ್ಪಾಳೆ ಬೀಳೋ ಭಾಗ ಮಾತ್ರ ಬೇಡ.

ಡ್ರೈವರ್‌ಗೆ ಖಲಂಗ ಸ್ಮಾರಕ ಅಂದ್ರೆ ಕೆಲವರಿಗೆ ಗೊತ್ತಾಗಲ್ಲ, ಸಹಸ್ತ್ರಧಾರಾ ರೋಡ್, ಎರಡು ಬಿಳಿ ಕಂಬ, ರಿಸ್ಪನಾ ಪಕ್ಕ ಅಂತ ಹೇಳಿ. ಬೆಳಗ್ಗೆ ಹೋದ್ರೆ ಟ್ರಾಫಿಕ್ ಕಮ್ಮಿ. ವೀಕೆಂಡಲ್ಲಿ ಮಧ್ಯಾಹ್ನದ ಮೇಲೆ ಹೋದ್ರೆ ದೆಹಲಿ ಕಾರುಗಳ ಮಧ್ಯೆ ಸಿಕ್ಕಾಕೊಂಡು ಒದ್ದಾಡ್ತೀರಿ, ಅದಕ್ಕೆ ನಾನು ಜವಾಬ್ದಾರಿ ಅಲ್ಲ.

ಇಂತಿ ನಿಮ್ಮವ,
ಡೆಹ್ರಾಡೂನ್‌ನಲ್ಲಿರೋ ಒಬ್ಬ ಮಂಡ್ಯದವನು